ಟ್ಯಾನ್ಸಿಯ ತುಪ್ಪಟ

ಹೆಸ್ಲಿ ಬ್ಯಾಂಕ್
೧೧ ಮಾರ್ಚ್ ೧೯೫೧, ಭಾನುವಾರ

ಲೆಟ್ಟಿ ಮಗಳೇ,

ಚಾಪೆಲ್ಲಿನಿಂದ ಬಂದು ಟೋಪಿ ಕೂಡ ತೆಗೆಯದೆ ಬರೆಯಲು ಕೂತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತದೆ, ಸಹಿಸಿಕೋ. ಓದು ಹತ್ತುವ ಹೊತ್ತಿಗೆ ನನ್ನನ್ನು ಶಾಲೆ ಬಿಡಿಸಿ ಕಂಡವರ ಮನೆಯ ಒಲೆ ಉಜ್ಜಲು ಕಳಿಸಿದರು. ಉಜ್ಜುವುದು ಚೆನ್ನಾಗಿ ಬಂತು, ಬರೆಯುವುದು ಬಂದಷ್ಟು ಬಂತು.

ಆಸ್ಪತ್ರೆಯ ವ್ಯಾನು ನಿನ್ನನ್ನು ಕರೆದುಕೊಂಡು ಹೋಗುವಾಗ ನಮ್ಮ ಹೆಸ್ಲಿ ಬ್ಯಾಂಕ್ ಬೀದಿಯ ಕಿಟಕಿ ಪರದೆಗಳೆಲ್ಲ ಅಲ್ಲಾಡಿದವು. ಮಾರನೆಯ ದಿನ ಆರೋಗ್ಯದವರ ಕಡೆಯಿಂದ ಒಬ್ಬಳು ಬಂದಳು. ಕ್ಷಯ ಬಂದ ಮನೆ ನೋಡಬೇಕಂತೆ. ಮಂಚದ ಕೆಳಗೆ ಬಗ್ಗಿ ನೋಡಿದಳು, ಧೂಳು ಸಿಗಲಿಲ್ಲ, ಪಾಪ, ನಿರಾಸೆ ಆಗಿರಬೇಕು. ಆಮೇಲೆ ಹಿತ್ತಿಲಿಗೆ ಬಂದು ನಿನ್ನ ಫೆರೆಟ್ ಟ್ಯಾನ್ಸಿಯನ್ನು ಕಂಡಳು, ಮೊಲ ಹಿಡಿಯುವ ಆ ಮುಂಗುಸಿಯಂಥ ಪ್ರಾಣಿಯನ್ನು. ಮೂಗಿಗೆ ಕರವಸ್ತ್ರ ಹಿಡಿದು, "ಇದನ್ನ ಶುಚಿಯಾಗಿ ಇಟ್ಕೋಬೇಕು ನೀವು" ಅಂದಳು, ಪಕ್ಕದ ಮನೆಯ ಡೋರ್ಕಸಳಿಗೆ ಕೇಳಿಸುವ ಹಾಗೆ. ನನಗೆ ಹೇಳಿದಳು ಈ ಮಾತು. ಮದುವೆಯಾಗಿ ಬಂದಾಗಿನಿಂದ ಒಂದು ದಿನ ತಪ್ಪದೆ ಹೊಸ್ತಿಲು ತಿಕ್ಕಿ ಕಲ್ಲುಪುಡಿ ಹಚ್ಚಿದ ನನಗೆ.

ಹೋಗುವಾಗ ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ನೀನು ಮೂರು ಮಾತು ಹೇಳಿದೆ. ಟ್ಯಾನ್ಸಿಯ ಗೂಡಿನ ಹುಲ್ಲು ಬದಲಿಸು. ಅವಳಿಗೆ ಸ್ನಾನ ಮಾಡಿಸಬೇಡ. ವಸಂತದಲ್ಲಿ ಬೆದೆಗೆ ಬಂದ ಕೂಡಲೇ ಸೆಪ್ಟಿಮಸ್ ರೇನ್ ಮನೆಯ ಗಂಡು ಫೆರೆಟ್ ಹತ್ತಿರ ಒಯ್ಯಿ. ಮೊದಲನೆಯದು ಮಾಡುತ್ತೇನೆ. ಎರಡನೆಯದು ಆಗಲೇ ಮುರಿದೆ. ಆ ಹೆಂಗಸು ಗೇಟು ದಾಟುವ ಮೊದಲೇ ನಿನ್ನ ಟ್ಯಾನ್ಸಿ ಕಾರ್ಬಾಲಿಕ್ ಸೋಪಿನ ನೊರೆಯಲ್ಲಿ ಮುಳುಗಿದ್ದಳು. ಮೂರನೆಯದನ್ನು ನೀನು ಕೇಳಬಾರದಿತ್ತು. ಆ ಮನುಷ್ಯನ ಮನೆ ನಮ್ಮಿಂದ ನಾಲ್ಕನೆಯದು. ಆರು ವರ್ಷದಿಂದ ನನ್ನ ಪಾಲಿಗೆ ಅಲ್ಲಿ ಬಾಗಿಲೇ ಇಲ್ಲ, ಬರೀ ಗೋಡೆ.

ಕೊಟ್ಟ ಹಾಲು ಪೂರ್ತಿ ಕುಡಿ.

ನಿನ್ನ ಅಜ್ಜಿ
ಕೆಜಾಯ

*

ಗುಡ್ಡದ ಆಸ್ಪತ್ರೆ, ಹೆಂಗಸರ ವರಾಂಡ
೧ ಏಪ್ರಿಲ್ ೧೯೫೧

ಪ್ರೀತಿಯ ಅಜ್ಜಿ,

ಮಲಗಿಯೇ ಬರೆಯುತ್ತಿದ್ದೇನೆ, ಅದಕ್ಕೇ ಪೆನ್ಸಿಲ್ಲು. ನಮ್ಮ ಮಂಚಗಳೆಲ್ಲ ಬಯಲ ಗಾಳಿಗೇ ಇವೆ. ಬೆಳಿಗ್ಗೆ ಎದ್ದರೆ ಹೊದಿಕೆಯ ಮೇಲೆ ಹಿಮ ಬಿದ್ದಿರುತ್ತದೆ. ನರ್ಸು ಬಂದು ಹಿಟ್ಟು ಕೊಡವಿದ ಹಾಗೆ ಕೊಡವುತ್ತಾಳೆ. ನಗುವುದೂ ಬೇಡ ಅಂದಿದ್ದಾರೆ. ಆದರೂ ನಿನ್ನ ಪತ್ರ ಓದಿ ನಕ್ಕೆ.

ಈಗ ನಗದೆ ಹೇಳುತ್ತೇನೆ, ಕೇಳು. ಟ್ಯಾನ್ಸಿಯ ಚರ್ಮದಲ್ಲಿ ಅವಳದೇ ಎಣ್ಣೆ ಇದೆ. ಸೋಪು ಅದನ್ನು ತೆಗೆದರೆ ಮೈ ಇನ್ನಷ್ಟು ಎಣ್ಣೆ ಬಿಡುತ್ತದೆ, ವಾಸನೆ ಹೆಚ್ಚುತ್ತದೆ, ತುಪ್ಪಟ ಒರಟಾಗುತ್ತದೆ. ವಾಸನೆ ಇರುವುದು ಅವಳಲ್ಲಿ ಅಲ್ಲ, ಹಾಸಿಗೆಯಲ್ಲಿ. ಗೂಡಿನ ಒಂದೇ ಮೂಲೆಯಲ್ಲಿ ಅವಳು ಎಲ್ಲವನ್ನೂ ಮಾಡುತ್ತಾಳೆ. ಆ ಮೂಲೆಯನ್ನು ದಿನಾ ಕೆರೆದು ತೆಗೆ, ಹುಲ್ಲು ಆಗಾಗ ಬದಲಿಸು, ಸಾಕು. ಕಿವಿಗೆ ಬೆಚ್ಚಗಿನ ಎಣ್ಣೆ ಸೋಕಿಸಿದ ಬಟ್ಟೆ. ಉಗುರಿನ ತುದಿ ಮಾತ್ರ ಕತ್ತರಿಸು, ಒಳಗಿನ ಕೆಂಪಿಗೆ ತಾಗಬಾರದು. ಹಾಲಲ್ಲಿ ನೆನೆಸಿದ ಬ್ರೆಡ್ಡು ಹಾಕುತ್ತಿದ್ದೀಯ ಅಂತ ನನಗೆ ಗೊತ್ತು. ಹಾಕಬೇಡ, ಹೊಟ್ಟೆ ಕೆಡುತ್ತದೆ. ಮೊಲದ ಮಾಂಸ ತುಪ್ಪಟದ ಸಮೇತ ಕೊಡು.

ಮತ್ತೆ, ಅಜ್ಜಿ, ಮೂರನೆಯ ಮಾತು. ಅವಳ ಹಿಂಭಾಗ ಊದಿಕೊಂಡು ಕೆಂಪಾದರೆ ಬೆದೆ ಅಂತ ತಿಳಿ. ಬೆಕ್ಕು ನಾಯಿಗೆ ಬಂದ ಹಾಗೆ ಬಂದು ಹೋಗುವುದಲ್ಲ ಅದು. ಗಂಡು ಸೇರುವವರೆಗೂ ಹೆಣ್ಣು ಫೆರೆಟ್ಟಿಗೆ ಬೆದೆ ಇಳಿಯುವುದಿಲ್ಲ. ಹಾಗೇ ಬಿಟ್ಟರೆ ಕೂದಲು ಉದುರಿ, ರಕ್ತ ಸತ್ತು, ಬೇಸಗೆ ಮುಗಿಯುವುದರೊಳಗೆ ಹೋಗಿಬಿಡುತ್ತಾಳೆ. ಒಂದೇ ಒಂದು ಸಲ ಆ ಬಾಗಿಲು ತಟ್ಟು. ಮಾತಾಡಬೇಕಾಗಿಯೂ ಇಲ್ಲ, ಬುಟ್ಟಿ ಕೊಟ್ಟರೆ ಅವರಿಗೆ ತಿಳಿಯುತ್ತದೆ.

ನಿನ್ನ
ಲೆಟ್ಟಿ

*

ಹೆಸ್ಲಿ ಬ್ಯಾಂಕ್
೨೨ ಏಪ್ರಿಲ್ ೧೯೫೧

ಲೆಟ್ಟಿ ಮಗಳೇ,

ಈಸ್ಟರಿಗೆ ನಿನ್ನನ್ನು ನೋಡಲೆಂದು ಹೊರಟಿದ್ದೆ, ಹೇಳಿರಲಿಲ್ಲ. ಎರಡು ಬಸ್ಸು ಹಿಡಿದು ಗುಡ್ಡದ ಬುಡಕ್ಕೆ ಬಂದೆ. ಅಲ್ಲಿಂದ ಮೇಲಕ್ಕೆ ಮಂಡಿ ಒಪ್ಪಲಿಲ್ಲ. ಕಲ್ಲಿನ ಮೇಲೆ ಕೂತು ನಿಮ್ಮ ವರಾಂಡಗಳನ್ನು ನೋಡಿದೆ. ಮಂಚಗಳು ಬಿಳಿ ಚುಕ್ಕೆಯ ಹಾಗೆ ಕಂಡವು, ಯಾವುದು ನಿನ್ನದೋ ತಿಳಿಯಲಿಲ್ಲ. ನಿನಗೆಂದು ತಂದಿದ್ದ ಕೇಕನ್ನು ನಾನೇ ತಿಂದು ವಾಪಸು ಬಂದೆ.

ಟ್ಯಾನ್ಸಿ ಚೆನ್ನಾಗಿದ್ದಾಳೆ. ಊದಿಕೊಂಡಿದ್ದು ನಿಜ. ಈಗ ಇಳಿದಿದೆ. ಆ ವಿಷಯ ಮುಗಿಯಿತು. ಗಂಡು ಸೇರದೆ ಹೆಣ್ಣು ಸಾಯುತ್ತದೆ ಅನ್ನುವುದು ಗಂಡು ಸಾಕಿದವರು ಕಟ್ಟಿದ ಮಾತಿರಬೇಕು. ಹಾಗಿದ್ದರೆ ಮದುವೆಯಾಗದ ಮುದುಕಿಯರು ಕೂರುವ ನಮ್ಮ ಚಾಪೆಲ್ಲಿನ ಮುಂದಿನ ಸಾಲು ಎಂದೋ ಖಾಲಿಯಾಗಬೇಕಿತ್ತು. ಅದೂ ಅವನ ಗಂಡಿಗೆ ಅವನಿಟ್ಟ ಹೆಸರು ಬಿಷಪ್. ನಿನ್ನ ಟ್ಯಾನ್ಸಿಯನ್ನು ಬಿಷಪ್ಪನ ಹತ್ತಿರ ಕಳಿಸಬೇಕಂತೆ ಅನ್ನುವುದು ಡೋರ್ಕಸ್ ಕಿವಿಗೆ ಬಿದ್ದರೆ ಏನಂದುಕೊಳ್ಳುತ್ತಾಳೆ.

ನಾನು ಯಾಕೆ ಹೋಗುವುದಿಲ್ಲ ಅಂತ ನಿನಗೆ ಗೊತ್ತು. ಆದರೂ ಬರೆಯುತ್ತೇನೆ. ನಿನ್ನ ತಾಯಿ ಹಾನ್ನಾ ತೀರಿಕೊಂಡ ಸೋಮವಾರ, ಅವಳನ್ನು ಮಲಗಿಸುವ ಕೋಣೆಯ ಗೋಡೆಗಳಿಗೆ ಕಟ್ಟಲು ಮನೆಯಲ್ಲಿದ್ದ ಬಿಳಿ ಹಾಸುಗಳನ್ನೆಲ್ಲ ಒಗೆದು ಹಿಂದಿನ ಓಣಿಗೆ ಅಡ್ಡವಾಗಿ ಒಣಹಾಕಿದ್ದೆ. ಕಲ್ಲಿದ್ದಲ ಗಾಡಿಯವನು ಓಣಿಯ ತುದಿಯಲ್ಲೇ ಕೂಗಬೇಕು, ನಾವು ಬಂದು ಹಗ್ಗ ಎತ್ತಬೇಕು. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಅಂದು ಗಾಡಿ ಹೊಡೆದ ಸೆಪ್ಟಿಮಸ್ ಕೂಗಲಿಲ್ಲ. ಕುದುರೆ, ಗಾಡಿ, ಕಲ್ಲಿದ್ದಲು ಎಲ್ಲ ಆ ಹಾಸುಗಳ ನಡುವೆಯೇ ನುಗ್ಗಿ ಹೋಯಿತು. ಮತ್ತೆ ಒಗೆದು ಒಣಗಿಸಲು ಹೊತ್ತಿರಲಿಲ್ಲ. ಮಸಿ ಬಳಿದ ಗೋಡೆಗಳ ನಡುವೆ ನನ್ನ ಮಗಳು ಮಲಗಿದಳು, ಊರೆಲ್ಲ ಬಂದು ನೋಡಿತು.

ಹುಲ್ಲು ಬದಲಿಸುತ್ತಿದ್ದೇನೆ. ಮೂಲೆ ಕೆರೆಯುತ್ತಿದ್ದೇನೆ. ಶನಿವಾರ ನಮ್ಮ ಮನೆಯಲ್ಲಿ ಯಾರೂ ಸ್ನಾನ ತಪ್ಪಿಸಿಲ್ಲ, ನಿನ್ನ ತಾತ ಗಣಿಯಲ್ಲಿ ಕಾಲು ಮುರಿದುಕೊಂಡಾಗಲೂ ತಪ್ಪಿಸಿರಲಿಲ್ಲ. ಅವಳೂ ತಪ್ಪಿಸುವುದಿಲ್ಲ.

ನಿನ್ನ ಅಜ್ಜಿ
ಕೆಜಾಯ

*

ಹೆಸ್ಲಿ ಬ್ಯಾಂಕ್
೨೦ ಮೇ ೧೯೫೧

ಮಗಳೇ,

ನಿನಗೆ ನಗು ಬರುವ ಸುದ್ದಿ ಒಂದಿದೆ. ಮಂಗಳವಾರ ನಾನು ಹಿತ್ತಿಲಲ್ಲಿ ಟ್ಯಾನ್ಸಿಗೆ ಸ್ನಾನ ಮಾಡಿಸುತ್ತಿದ್ದೆ. ವಾರಕ್ಕೊಂದು ಸಲ ಸಾಲದೆ ಈಗ ಮಂಗಳವಾರವೂ ಮಾಡಿಸುತ್ತಿದ್ದೇನೆ, ವಾಸನೆ ತೊಳೆದಷ್ಟೂ ಏರುತ್ತಿದೆ, ಅದೇನು ಹಟವೋ. ತಲೆ ಎತ್ತಿದರೆ ಗೇಟಿನ ಹತ್ತಿರ ಸೆಪ್ಟಿಮಸ್ ರೇನ್, ಕ್ಯಾಪು ಕೈಯಲ್ಲಿ ಹಿಡಿದು, ಕಂಕುಳಲ್ಲಿ ಖಾಲಿ ಬುಟ್ಟಿ. ಟ್ಯಾನ್ಸಿಯನ್ನೇ ನೋಡುತ್ತಿದ್ದ. "ಕೆಜಾಯ, ಒಂದ್ನಿಮಿಷ" ಅಂದ. ಒಂದು ನಿಮಿಷ ಯಾಕೆ, ಅರ್ಧವೂ ಕೊಡಲಿಲ್ಲ. ತೊಟ್ಟಿಯ ನೀರನ್ನು ಪೂರ್ತಿ ಅವನ ಬೂಟಿನ ಮೇಲೆ ಸುರಿದೆ. ಹಾಗೇ ತಿರುಗಿ ಹೋದ, ಬೂಟು ಪಚ್ ಪಚ್ ಅನ್ನುತ್ತಿತ್ತು. ಡೋರ್ಕಸ್ ಬೆಳಗಿನ ಟೀ ಹೊತ್ತಿಂದ ಸಂಜೆಯ ಟೀ ಹೊತ್ತಿನವರೆಗೂ ಇದನ್ನೇ ಹೇಳಿಕೊಂಡು ತಿರುಗಿದಳು.

ಟ್ಯಾನ್ಸಿಯ ಬಾಲದಲ್ಲಿ ಕೂದಲು ಸ್ವಲ್ಪ ತೆಳುವಾಗಿದೆ. ಚಳಿಗಾಲದ ತುಪ್ಪಟ ಬಿಡುತ್ತಿರಬೇಕು. ಎಲ್ಲ ಪ್ರಾಣಿಗಳೂ ಬಿಡುತ್ತವೆ.

ನಿನ್ನ ತೂಕ ಎಷ್ಟಾಯಿತು ಬರೆ. ನೀನು ಹೋದಾಗಿನಿಂದ ಯಾವುದು ಎಲ್ಲಿ ಒಳಗೆ ಬಂತು ಅಂತ ಯೋಚಿಸುತ್ತಿರುತ್ತೇನೆ. ನಿನ್ನ ತಾಯಿಗೆ ಬಂದದ್ದೇ ನಿನಗೂ ಬಂತು, ಅದೂ ಇದೇ ಮನೆಯಲ್ಲಿ, ಇಷ್ಟು ಉಜ್ಜಿದ ಮನೆಯಲ್ಲಿ. ಎಲ್ಲೋ ಒಂದು ಕಡೆ ನಾನು ಉಜ್ಜದೆ ಬಿಟ್ಟಿರಬೇಕು.

ನಿನ್ನ ಅಜ್ಜಿ
ಕೆಜಾಯ

*

ಗುಡ್ಡದ ಆಸ್ಪತ್ರೆ
೧೦ ಜೂನ್ ೧೯೫೧

ಪ್ರೀತಿಯ ಅಜ್ಜಿ,

ತೂಕ ಏರಿದೆ. ಈಗ ದಿಂಬಿಗೆ ಒರಗಿ ಕೂರಬಹುದು. ಹೊಸ ಔಷಧಿಯ ಸೂಜಿ ಹಾಕಿಸಿಕೊಂಡ ಕಡೆಯೆಲ್ಲ ನೋವು. ನನ್ನ ಬದಿಯ ಮಂಚದವಳು ನಾವಿಬ್ಬರೂ ಸೂಜಿಮೆತ್ತೆಗಳು ಅನ್ನುತ್ತಾಳೆ.

ಟ್ಯಾನ್ಸಿ ಚೆನ್ನಾಗಿದ್ದಾಳೆ ಎಂದು ಕೇಳಿ ಮನಸ್ಸು ಹಗುರಾಯಿತು. ನಿನ್ನ ಒಬ್ಬಳ ಮಾತಾಗಿದ್ದರೆ ನಂಬುತ್ತಿರಲಿಲ್ಲ, ಕೋಪ ಮಾಡಿಕೊಳ್ಳಬೇಡ.

ಒಂದು ಕೆಲಸ ಮಾಡುತ್ತೀಯಾ? ಇಲ್ಲಿ ಎಲ್ಲದಕ್ಕೂ ಫಿನಾಯಿಲಿನ ವಾಸನೆ. ಅವಳ ಪಕ್ಕೆಯಿಂದ ಒಂದು ಚಿಟಿಕೆ ತುಪ್ಪಟ ಕತ್ತರಿಸಿ ಲಕೋಟೆಯಲ್ಲಿ ಇಡು. ಅವಳ ವಾಸನೆ ಬೇಕು ನನಗೆ, ನೀನು ಮೂಗು ಮುಚ್ಚಿಕೊಳ್ಳುವ ಅದೇ ವಾಸನೆ. ಅವಳು ಕೋಟಿನ ತೋಳಿನೊಳಗೆ ನುಗ್ಗಿ ಕೊರಳ ಹತ್ತಿರ ಹೊರಗೆ ಬರುವುದನ್ನು ನೆನೆಸಿಕೊಂಡು ನಿದ್ದೆ ಮಾಡುತ್ತೇನೆ.

ನಿನ್ನ
ಲೆಟ್ಟಿ

*

ಹೆಸ್ಲಿ ಬ್ಯಾಂಕ್
೧೭ ಜೂನ್ ೧೯೫೧

ಮಗಳೇ,

ಕೇಳಿದ್ದು ಲಕೋಟೆಯಲ್ಲಿದೆ. ಪಕ್ಕೆಯಿಂದಲೇ ಕತ್ತರಿಸಿದೆ. ಸುಮ್ಮನೆ ನಿಂತಿದ್ದಳು, ತಂಟೆ ಮಾಡಲಿಲ್ಲ.

ಇಲ್ಲಿ ಬಿಸಿಲು ಜೋರು. ಇಂದು ಹೆಚ್ಚು ಬರೆಯಲು ಆಗುವುದಿಲ್ಲ. ಮಂಡಿ ನೋವು.

ಅಜ್ಜಿ

*

ಗುಡ್ಡದ ಆಸ್ಪತ್ರೆ
೨೪ ಜೂನ್ ೧೯೫೧

ಅಜ್ಜಿ,

ಕತ್ತರಿಸಿದ ಕೂದಲಿಗೆ ಬುಡ ಇರುವುದಿಲ್ಲ. ನೀನು ಕಳಿಸಿದ ಪ್ರತಿ ಎಳೆಗೂ ಬಿಳಿ ಬುಡ ಇದೆ. ಅದು ಕತ್ತರಿಸಿದ್ದಲ್ಲ, ತಾನಾಗಿ ಉದುರಿದ್ದು. ವಾಸನೆಯೂ ಅವಳದಲ್ಲ, ಕಾರ್ಬಾಲಿಕ್ ಸೋಪಿನದು.

ಅವಳ ತುಟಿ ಎತ್ತಿ ವಸಡು ನೋಡು. ಯಾವ ಬಣ್ಣ ಇದೆ ಬರೆ.

ಲೆಟಿಷಿಯಾ

*

ಹೆಸ್ಲಿ ಬ್ಯಾಂಕ್, ಒಂಬತ್ತನೆಯ ಮನೆ
೨೬ ಜೂನ್ ೧೯೫೧

ಶ್ರೀ ರೇನ್ ಅವರಿಗೆ,

ನಿಮ್ಮ ಬಾಗಿಲವರೆಗೆ ಎರಡು ಸಲ ಬಂದು ಹಿಂದಿರುಗಿದೆ. ಆದ್ದರಿಂದ ಈ ಚೀಟಿ. ನನ್ನ ಮೊಮ್ಮಗಳ ಫೆರೆಟ್ ಬೆದೆಯಲ್ಲಿದೆ. ಏಪ್ರಿಲಿನಿಂದ ಇದೆ. ಬಾಲ, ಸೊಂಟ ಪೂರ್ತಿ ಬೋಳಾಗಿದೆ. ವಸಡು ನಮ್ಮ ಚಾಪೆಲ್ಲಿನ ಮೇಣದ ಬತ್ತಿಯ ಬಣ್ಣಕ್ಕಿದೆ. ಹಿಂಗಾಲು ಎಳೆಯುತ್ತಿದೆ. ನಿಮ್ಮ ಗಂಡಿನ ಹತ್ತಿರ ಬಿಡಲು ಸಾಧ್ಯವಿದೆಯೇ ತಿಳಿಸಿ. ಮೇ ತಿಂಗಳಿನ ನೀರಿಗಾಗಿ ವಿಷಾದಿಸುತ್ತೇನೆ.

ಕೆಜಾಯ ಆ್ಯಪಲ್‌ಗಾರ್ತ್

*

ಐದನೆಯ ಮನೆ
ಅದೇ ದಿನ

ಕೆಜಾಯ,

ಈಗಲೇ ತಾ. ತರುವ ಮುಂಚೆ ತೊಳೆಯಬೇಡ.

ಸೆ. ರೇನ್

*

ಹೆಸ್ಲಿ ಬ್ಯಾಂಕ್
೮ ಜುಲೈ ೧೯೫೧, ಭಾನುವಾರ

ಲೆಟ್ಟಿ,

ಚಾಪೆಲ್ಲಿಗೆ ಹೋಗದೆ ಇದನ್ನು ಬರೆಯುತ್ತಿದ್ದೇನೆ. ನಿನಗೆ ಆಘಾತವಾಗುವ ಸುದ್ದಿ ಕೊಡಬಾರದು ಎಂದು ಆಸ್ಪತ್ರೆಯವರು ಹೇಳಿದ್ದರು. ಆ ಮಾತಿನ ಹಿಂದೆ ಸಾಕಷ್ಟು ದಿನ ಅಡಗಿಕೊಂಡೆ. ಟ್ಯಾನ್ಸಿ ಬದುಕಿದ್ದಾಳೆ, ಅದನ್ನು ಮೊದಲು ಓದಿಕೋ. ಉಳಿದದ್ದನ್ನು ಆಮೇಲೆ ಓದು.

ಊತ ಇಳಿದಿದೆ ಎಂದು ನಾನು ಏಪ್ರಿಲಿನಲ್ಲಿ ಬರೆದದ್ದು ಸುಳ್ಳು. ಇಳಿಯಲೇ ಇಲ್ಲ. ಕೂದಲು ಉದುರತೊಡಗಿದಾಗ ಅದು ಕೊಳೆಯೆಂದುಕೊಂಡೆ, ಕಜ್ಜಿ ಎಂದುಕೊಂಡೆ, ನೀನು ಹೇಳಿದ್ದೊಂದನ್ನು ಬಿಟ್ಟು ಮತ್ತೆಲ್ಲ ಅಂದುಕೊಂಡೆ. ಇನ್ನಷ್ಟು ತೊಳೆದೆ. ನಿನಗೆ ಕಳಿಸಿದ ತುಪ್ಪಟಕ್ಕೆ ಕತ್ತರಿ ಬೇಕಾಗಲಿಲ್ಲ, ಟವೆಲಿನಲ್ಲಿ ಒರೆಸಿದಾಗ ಬಂದದ್ದು ಅದು. ಲಕೋಟೆಗೆ ಅಂಟು ಹಚ್ಚಿ, ಎದ್ದು ಎಂದಿನ ಹಾಗೆ ಒಲೆ ಉಜ್ಜಿದೆ. ನನಗೆ ಅದೇ ಹೆಚ್ಚು ಚುಚ್ಚುತ್ತದೆ.

ಬುಟ್ಟಿ ಹಿಡಿದು ಸೆಪ್ಟಿಮಸ್ ಮನೆಗೆ ಹೋದೆ. ಅಡುಗೆಮನೆ ಗಂಡಸು ಒಬ್ಬನೇ ಇರುವ ಅಡುಗೆಮನೆ, ಅದರ ಬಗ್ಗೆ ಏನೂ ಅನ್ನುವುದಿಲ್ಲ. ಅವನು ಟ್ಯಾನ್ಸಿಯನ್ನು ಮೇಜಿನ ಮೇಲೆ ಇಟ್ಟು, ತುಟಿ ಎತ್ತಿ, ಕಣ್ಣಿನ ರೆಪ್ಪೆ ಎಳೆದು, ಹೊಟ್ಟೆಯ ಚರ್ಮ ಬೆಳಕಿಗೆ ಹಿಡಿದು ನೋಡಿದ. ಅಲ್ಲಲ್ಲಿ ನೇರಳೆ ಚುಕ್ಕೆಗಳಿದ್ದವು, ನಾನು ಕೊಳೆಯೆಂದು ತಿಕ್ಕಿದ ಚುಕ್ಕೆಗಳು. ಬಯ್ಯುತ್ತಾನೆ ಅಂದುಕೊಂಡೆ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು.

ಆಮೇಲೆ ಹೇಳಿದ, ಗಂಡು ಸೇರುವುದೆಂದರೆ ಮೆತ್ತನೆಯ ವ್ಯವಹಾರವಲ್ಲ, ಕತ್ತು ಕಚ್ಚಿ ಹಿಡಿದು ಗೂಡಿನ ತುಂಬ ಎಳೆದಾಡುತ್ತದೆ, ಇಷ್ಟು ರಕ್ತ ಕಳೆದುಕೊಂಡವಳು ತಾಳುತ್ತಾಳೋ ಇಲ್ಲವೋ ಅಂತ. ಬಿಡದಿದ್ದರೆ ಹೇಗೂ ಹೋಗುತ್ತಾಳೆ. "ನೀನೇ ಹೇಳು ಕೆಜಾಯ. ಲೆಟ್ಟಿ ಇಲ್ಲಿಲ್ಲ, ನೀನೇ ಹೇಳ್ಬೇಕು" ಅಂದ. ನಾನು ಟ್ಯಾನ್ಸಿಯನ್ನು ಟವೆಲಿನಲ್ಲಿ ಸುತ್ತತೊಡಗಿದೆ. ಕೊನೆಗೆ ಅವನೇ, ಮೊದಲು ನಾಲ್ಕು ದಿನ ತಿನ್ನಿಸೋಣ ಅಂದ. ಹಸಿ ಲಿವರ್ ಅರೆದು ಬೆರಳಲ್ಲಿ ನೆಕ್ಕಿಸಿದೆವು. ನನ್ನ ರೇಷನ್ನಿನ ಮೊಟ್ಟೆ, ಅವನ ಕೋಳಿಯ ಮೊಟ್ಟೆ, ಹಳದಿ ಮಾತ್ರ. ಐದನೆಯ ದಿನ ಬಿಡು ಅಂದೆ.

ನಾನು ಹೊರಗೆ ನಿಂತಿದ್ದೆ. ಟ್ಯಾನ್ಸಿ ಕಿರುಚಿದ್ದು ಓಣಿಯ ತುದಿಗೆ ಕೇಳಿಸಿತು. ಫೆರೆಟ್ ಹಾಗೆ ಕಿರುಚುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ನಾನು ಸೋಪು ಹಾಕುವಾಗ ಒಂದು ದಿನವೂ ಸದ್ದು ಮಾಡಿದವಳಲ್ಲ. ಆಮೇಲೆ ಸದ್ದು ನಿಂತಿತು. ಅದು ಇನ್ನೂ ಕೆಟ್ಟದಾಗಿತ್ತು. ಸೆಪ್ಟಿಮಸ್ ಬಾಗಿಲಿಗೆ ಬಂದು, "ಉಸಿರಾಡ್ತಿದಾಳೆ" ಅಂದ. ಅಷ್ಟೇ ಅಂದ.

ಅವನು ಟೀ ಹಾಕಿದ. ಆಗ ಕೇಳಿದೆ, ಮೇ ತಿಂಗಳಿನಲ್ಲಿ ಯಾಕೆ ಬಂದಿದ್ದೆ ಅಂತ. ನಿನ್ನನ್ನು ನೋಡಲು ಪ್ರತಿ ತಿಂಗಳು ಭೇಟಿಯ ಭಾನುವಾರ ಅವನು ಗುಡ್ಡ ಹತ್ತುತ್ತಾನೆ ಎಂದು ಆಗ ತಿಳಿಯಿತು. ನೀನೇ ಅವನನ್ನು ಕಳಿಸಿದ್ದೆಯಂತೆ, ಅಜ್ಜಿ ಸುಳ್ಳು ಹೇಳುತ್ತಿದ್ದಾಳೆ, ಹೋಗಿ ಟ್ಯಾನ್ಸಿಯನ್ನು ತಂದುಕೋ ಅಂತ. ಅವನ ಮಾತು ಕೇಳಿದ್ದರೆ ಅಂದೇ ಆಗುತ್ತಿತ್ತು. ಆ ಬುಟ್ಟಿ ಖಾಲಿ ಹೋದದ್ದು ನನ್ನಿಂದ. ಬೂಟು ಪಚ್ ಪಚ್ ಅನ್ನುತ್ತಿತ್ತು ಅಂತ ನಿನಗೆ ತಮಾಷೆಯಾಗಿ ಬರೆದೆನಲ್ಲ.

ಆಮೇಲೆ ಗುಡ್ಡಕ್ಕೆ ಹೋದಾಗ ಲೆಟ್ಟಿಗೆ ಏನು ಹೇಳಿದೆ ಅಂತ ಅವನನ್ನು ಕೇಳಿದೆ. ಟೀ ಕಪ್ಪನ್ನೇ ನೋಡುತ್ತಾ, "ಚೆನ್ನಾಗಿದಾಳೆ, ನಾನೇ ನೋಡ್ದೆ ಅಂದೆ. ಹುಡುಗಿ ಆ ಸ್ಥಿತೀಲಿದ್ಲು, ಇನ್ನೇನು ಹೇಳ್ಲಿ" ಅಂದ. ನೋಡಿದೆಯಾ. ಆರು ವರ್ಷ ಒಂದು ಮಾತಾಡದ ನಾವಿಬ್ಬರು ಒಂದೇ ಹುಡುಗಿಗೆ ಒಂದೇ ಸುಳ್ಳು ಹೇಳಿದ್ದೆವು.

ಹೊರಡುವಾಗ ಬಾಗಿಲಲ್ಲಿ ಅವನು ಇನ್ನೊಂದು ಮಾತು ಹೇಳಿದ, ನಾನು ಕೇಳಿರಲಿಲ್ಲ. "ಹಾನ್ನಾ ಹೋದ್ಲು ಅಂತ ಗಣಿ ಗೇಟಲ್ಲಿ ಹೇಳಿದ್ರು. ಅವತ್ತು ಕೂಗೋಕೆ ನನ್ಗೆ ಗಂಟಲೇ ಬರ್ಲಿಲ್ಲ ಕೆಜಾಯ." ನಾನು ಮನೆಗೆ ಬಂದೆ.

ಕ್ಷಮಿಸು ಅಂತ ಬರೆದು ಹೊಡೆದುಹಾಕಿದ್ದೇನೆ, ಕಾಗದದ ಹಿಂದೆ ಅಚ್ಚು ಕಾಣಬಹುದು. ಅದನ್ನು ಕೇಳುವುದೂ ನಿನ್ನ ಕೈಯಲ್ಲಿ ಇನ್ನೊಂದು ಕೆಲಸ ಇಟ್ಟ ಹಾಗೆ.

ಅಜ್ಜಿ

*

ಹೆಸ್ಲಿ ಬ್ಯಾಂಕ್
೧೨ ಆಗಸ್ಟ್ ೧೯೫೧

ಲೆಟ್ಟಿ,

ನೀನು ಬರೆದಿಲ್ಲ. ಬರೆಯಬೇಕೆಂದು ಹೇಳುತ್ತಿಲ್ಲ. ಸೆಪ್ಟಿಮಸ್ ಬಂದು ಹೋದ, ನೀನು ಮೆಟ್ಟಿಲ ತನಕ ನಡೆದೆ ಎಂದು ಹೇಳಿದ. ನನ್ನ ಬಗ್ಗೆ ಕೇಳಿದಳಾ ಅಂತ ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಟ್ಯಾನ್ಸಿ: ಊತ ಇಳಿದಿದೆ, ಈ ಸಲ ನಿಜ, ಬೇಕಾದರೆ ಅವನನ್ನೇ ಕೇಳು. ಮರಿ ನಿಲ್ಲಲಿಲ್ಲ, ಅದೇ ವಾಸಿ ಅನ್ನುತ್ತಾನೆ. ವಸಡು ತೆಳು ಗುಲಾಬಿ. ಸೊಂಟದ ಮೇಲೆ ಪೀಚ್ ಹಣ್ಣಿನ ಮೇಲಿರುವಂಥ ರೋಮ ಬಂದಿದೆ. ಬಾಲ ಇನ್ನೂ ಇಲಿಯ ಬಾಲ. ಮೊಲ ತಿನ್ನುತ್ತಾಳೆ, ತುಪ್ಪಟ ಸಮೇತ. ಮೂಲೆ ದಿನಾ ಕೆರೆಯುತ್ತೇನೆ. ಒಂದು ಹನಿ ಸೋಪು ಸೋಕಿಸಿಲ್ಲ, ಮತ್ತೆ ನೋಡು, ವಾಸನೆ ಅರ್ಧಕ್ಕೆ ಇಳಿದಿದೆ. ನೀನು ಹೇಳಿದ್ದು ಅಕ್ಷರಕ್ಕೆ ಅಕ್ಷರ ಸರಿ.

ಆರೋಗ್ಯದವರ ಹೆಂಗಸು ಮತ್ತೆ ಬಂದಿದ್ದಳು. ಫೆರೆಟ್ಟಿನಿಂದಲೇ ನಿನಗೆ ಬಂದಿರಬಹುದೇ ಎಂದು ಕೇಳಿದೆ. ಅಯ್ಯೋ ಇಲ್ಲವಲ್ಲಾ, ಯಾರು ಹಾಗಂದರು ಅಂದಳು. ಯಾರೂ ಅಂದಿರಲಿಲ್ಲ.

ಕೆಜಾಯ

*

ಗುಡ್ಡದ ಆಸ್ಪತ್ರೆ
೯ ಸೆಪ್ಟೆಂಬರ್ ೧೯೫೧

ಅಜ್ಜಿ,

ಶನಿವಾರ ಮನೆಗೆ ಬಿಡುತ್ತಾರೆ. ಮಧ್ಯಾಹ್ನದ ಬಸ್ಸು.

ಇಷ್ಟು ದಿನ ಬರೆಯಲಿಲ್ಲ. ನಿನ್ನ ಮೇಲೆ ಕೋಪವಿತ್ತು, ಇದೆ. ಆದರೆ ಬರೆಯದೆ ಇದ್ದದ್ದು ಅದಕ್ಕಲ್ಲ. ಮಾರ್ಚಿನಲ್ಲಿ ಸೆಪ್ಟಿಮಸ್ ಮಾಮ ಟ್ಯಾನ್ಸಿಯನ್ನು ತಾವೇ ಇಟ್ಟುಕೊಳ್ಳುವುದಾಗಿ ಹೇಳಿದ್ದರು. ನಾನೇ ಬೇಡ ಅಂದೆ. ಅವಳು ನಿನ್ನ ಹತ್ತಿರ ಇದ್ದರೆ ಏಪ್ರಿಲಿನಲ್ಲಿ ನೀನು ಆ ಬಾಗಿಲು ತಟ್ಟಲೇಬೇಕಾಗುತ್ತದೆ ಅಂದುಕೊಂಡೆ. ನಾನು ವಾಪಸು ಬರದೆ ಹೋದರೆ ಓಣಿಯಲ್ಲಿ ನಿನಗೆ ಮಾತಾಡಿಸಲು ಒಬ್ಬರಾದರೂ ಇರಲಿ ಅಂತ. ನಿನ್ನ ಹಟ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳನ್ನು ಒತ್ತೆ ಇಟ್ಟೆ. ನೀನು ಒಪ್ಪಿಕೊಂಡು ಬರೆದ ಪತ್ರ ಓದಿದಾಗಲೆಲ್ಲ, ಅದರಲ್ಲಿ ನನ್ನ ಹೆಸರೂ ಇರಬೇಕಿತ್ತು ಅನ್ನಿಸುತ್ತಿತ್ತು.

ಲೆಟ್ಟಿ

*

ಹೆಸ್ಲಿ ಬ್ಯಾಂಕ್
೧೨ ಸೆಪ್ಟೆಂಬರ್ ೧೯೫೧

ಲೆಟ್ಟಿ ಮಗಳೇ,

ನನ್ನ ತಪ್ಪಿನಲ್ಲಿ ಪಾಲು ಕೇಳಬೇಡ. ನೀನು ನನ್ನ ಕೈಗೆ ಒಂದು ಪ್ರಾಣಿ ಕೊಟ್ಟೆ, ಹೇಗೆ ನೋಡಿಕೊಳ್ಳಬೇಕು ಅಂತ ಬಿಡಿಸಿ ಹೇಳಿದೆ. ಯಾಕೆ ಕೊಟ್ಟೆ ಅನ್ನುವುದು ನಿನ್ನದು. ಏನು ಮಾಡಿದೆ ಅನ್ನುವುದು ನನ್ನದು. ವಾಪಸು ಬರದೆ ಹೋದರೆ ಅಂತ ಇಪ್ಪತ್ತು ವರ್ಷದ ನೀನು ಅಲ್ಲಿ ಯೋಚಿಸುತ್ತಾ ಮಲಗಿದ್ದೆ, ನಾನು ಇಲ್ಲಿ ಸೋಪು ಕರಗಿಸುತ್ತಿದ್ದೆ.

ಶನಿವಾರ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ ಇಟ್ಟಿರುತ್ತೇನೆ. ಬಟಾಣಿ ಸಾರು ಮಾಡುತ್ತೇನೆ, ಮೂಳೆ ಹಾಕಿ. ಬಸ್ಸಿನ ಹತ್ತಿರ ಸೆಪ್ಟಿಮಸ್ ಗಾಡಿ ತರುತ್ತಾನೆ, ಕಲ್ಲಿದ್ದಲ ಗಾಡಿಯೇ, ಆದರೆ ತೊಳೆಸಿದ್ದೇನೆ. ಅದನ್ನು ತೊಳೆಯಬಹುದು ಎಂದು ಒಪ್ಪಿಕೊಂಡ.

ಟ್ಯಾನ್ಸಿಯ ಬಗ್ಗೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ, ಬಂದ ಮೇಲೆ ನೀನಾಗಿ ನೋಡಿ ತಿಳಿಯುವುದು ಬೇಡ. ಹೊಸ ತುಪ್ಪಟ ಬಂದಿದೆ, ಮೊದಲಿಗಿಂತ ದಟ್ಟ, ತುದಿಯಲ್ಲಿ ಕಪ್ಪು, ಒಳಗೆ ಬೆಣ್ಣೆಯ ಬಣ್ಣ. ಬೆರಳು ಹಾಕಿದರೆ ಗೆಣ್ಣಿನವರೆಗೆ ಮುಳುಗುತ್ತದೆ ಎಂದು ಸೆಪ್ಟಿಮಸ್ ಹೇಳುತ್ತಾನೆ. ಅವನು ಹೇಳುತ್ತಾನೆ ಅಂತ ಬರೆಯುತ್ತಿದ್ದೇನೆ, ಏಕೆಂದರೆ ನಾನು ಬೆರಳು ಹಾಕಿ ನೋಡಿಲ್ಲ. ಅವನು ಗೂಡಿಗೆ ಕೈ ಚಾಚಿದರೆ ತೋಳಿನ ಮೇಲೆ ಓಡಿಬರುತ್ತಾಳೆ. ನನ್ನ ಕೈ ಕಂಡರೆ ಹಿಂದಿನ ಮೂಲೆಗೆ ಸರಿದು, ಹಲಗೆಗೆ ಮೈ ಒತ್ತಿ, ಕಣ್ಣು ಮುಚ್ಚಿಕೊಳ್ಳುತ್ತಾಳೆ. ಮಾಡುವುದನ್ನು ಬೇಗ ಮಾಡಿ ಮುಗಿಸಲಿ ಅನ್ನುವ ಹಾಗೆ. ಕಚ್ಚುವುದಿಲ್ಲ. ಕಚ್ಚಿದರೆ ನನಗೆ ಸಮಾಧಾನವಾಗುತ್ತಿತ್ತು. ಹುಲ್ಲು ಬದಲಿಸುವುದು, ಮೂಲೆ ಕೆರೆಯುವುದು ಈಗ ಅವಳು ಸೆಪ್ಟಿಮಸ್ ಹೆಗಲ ಮೇಲಿರುವಾಗ ಮಾಡುತ್ತೇನೆ, ಬೇಗ ಮಾಡಿ ಆಚೆ ಬರುತ್ತೇನೆ.

ಆದ್ದರಿಂದ ಶನಿವಾರ ಅವನೇ ಅವಳನ್ನು ಹೊರತೆಗೆದು ನಿನ್ನ ಕೈಗೆ ಕೊಡುತ್ತಾನೆ. ನಾನು ಹಿತ್ತಿಲಿಗೆ ಬರುವುದಿಲ್ಲ, ಅಡುಗೆಮನೆಯಲ್ಲೇ ಇರುತ್ತೇನೆ, ಬಾಗಿಲು ಮುಚ್ಚಿಕೊಂಡು. ಅವಳು ಬೆದರದೆ ನಿನ್ನ ಹತ್ತಿರ ಬರಲಿ. ಅವಳು ನಿನ್ನ ತೋಳಿನೊಳಗೆ ಹೊಕ್ಕು ಕೊರಳ ಹತ್ತಿರ ತಲೆ ಹೊರಗೆ ಹಾಕಿದ ಮೇಲೆ, ಬೇಕೆನಿಸಿದರೆ, ಕರೆ.

ನಿನ್ನ ಅಜ್ಜಿ
ಕೆಜಾಯ